ಅಮ್ಮನ ಅಂಗೈಯಲ್ಲಿ ನಮ್ಮ ಅಂಗಳ

ಪ್ರಭು,

ನೀನು ಏಳುವ ಹೊತ್ತಿಗೆ ನಾನು ಆಸ್ಪತ್ರೆಯಲ್ಲಿ ಅಮ್ಮನ ಹತ್ತಿರ ಇರುತ್ತೇನೆ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ.

ಹೊರಗೆ ಹೋಗುವಾಗ ಅಪ್ಪನ ಹಾಗೆ ಮನೆಯ ಸ್ವಿಚ್ಚನ್ನೆಲ್ಲ ಆರಿಸಬೇಡ ಕಣೋ. ನೀನು ಅಂಗಳಕ್ಕೆ ಹಾಕಿದ ಕ್ಯಾಮರಾದ ರೆಕಾರ್ಡರ್, ರೂಟರ್ ಎರಡೂ ಆನ್ ಇರಲಿ. ಮೊನ್ನೆ ನೀನು ಆರಿಸಿ ಹೋದೆ, ನನ್ನ ಮೊಬೈಲಿನಲ್ಲಿ ಬರೀ ಕಪ್ಪು. ಮನೆಗೆ ಏನೋ ಆಯಿತೆಂದು ಅಮ್ಮ ಮಾತ್ರೆಯನ್ನೂ ಮುಟ್ಟಲಿಲ್ಲ.

ಕ್ಯಾಮರಾದ ಪಾಸ್‌ವರ್ಡ್ ಇನ್ನೂ ಅಂಗಡಿಯವರು ಕೊಟ್ಟದ್ದೇ ಇದೆ. ಇವತ್ತೇ ಬದಲಾಯಿಸಿ ನನಗೆ ಹೇಳು. ನಮ್ಮ ಅಂಗಳ ಊರಿಗೆಲ್ಲ ಕಾಣುವುದು ಬೇಡ.

ಆ ರೆಕಾರ್ಡರ್ ಪೆಟ್ಟಿಗೆಯನ್ನು ಜೋಡಿಸುತ್ತಾ ದಿನಗಟ್ಟಲೆ ಕೂತಿದ್ದಕ್ಕೆ ನಿನ್ನನ್ನು ಬೈದಿದ್ದೆ. ನಿನ್ನೆ ಬೆಳಿಗ್ಗೆ ಲಕ್ಷ್ಮೀಪುರಂನ ಆ ವಾರ್ಡಿನಲ್ಲಿ ಕೂತು, ವಿದ್ಯಾರಣ್ಯಪುರಂನ ನಮ್ಮ ಬಿಲ್ವದ ಎಲೆ ಅಲ್ಲಾಡುವುದನ್ನು ಕಂಡೆ. ಅಮ್ಮ ಮೊಬೈಲನ್ನೇ ಕಣ್ಣಿಗೊತ್ತಿಕೊಂಡರು.

ಅಷ್ಟರಲ್ಲಿ ಬಾಗಿಲು ತೆರೆದು ನೀನು ಬಂದೆ. ನೀರು ಚಿಮುಕಿಸಿ, ಅಮ್ಮನ ರಂಗೋಲಿ ಬಟ್ಟಲು ಹಿಡಿದು ಹೊಸಿಲ ಮುಂದೆ ಕೂತೆ. ಹಾಕು ಎಂದು ನಿನಗೆ ಯಾರೂ ಹೇಳಿರಲಿಲ್ಲ. ನಾವಿಬ್ಬರೂ ಮೊಬೈಲಿಗೆ ಬಾಗಿ ನೋಡಿದೆವು.

ನಿನ್ನ ಬೆನ್ನು ಅಡ್ಡವಾಗಿ ರಂಗೋಲಿ ಕಾಣುತ್ತಿರಲಿಲ್ಲ. “ಫೋನ್ ಮಾಡಿ ಪಕ್ಕಕ್ಕೆ ಕೂತ್ಕೊಳಕ್ಕೆ ಹೇಳ್ಲಾ ಅಮ್ಮ?” ಅಂದೆ.

“ಬೇಡ ಬುಡು, ಬೆನ್ನೇ ಕಾಣ್ಲಿ,” ಅಂದರು. ಎಷ್ಟೋ ದಿನದ ಮೇಲೆ ಒಂದು ಲೋಟ ಗಂಜಿ ಪೂರ್ತಿ ಕುಡಿದರು.

ಇವತ್ತೂ ಅಲ್ಲೇ ಕೂರು.

ಅಕ್ಕ