ಸಾವಿರನೇ ಮನೆಗೆ ತಂತಿ

ಸಮದಾರಿ ವರ್ಷ ೧೪೧, ಹದಿಮೂರನೇ ತಿಂಗಳ ಎರಡನೇ ದಿನ
ಹಳೇ ಗಣಿ ಕ್ವಾರ್ಟರ್ಸ್, ಸಂಡೂರು ಗುಡ್ಡ

ಇಂಟರ್ನೆಟ್ಟಿಗೆ ನಿಯಮ ಬರೆಯಲು ಕುಳಿತಿರುವ ಮಾನ್ಯರಿಗೆ,

ಹುಲಿಗೆಮ್ಮನ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಮ್ಮವರು ವರ್ಷಕ್ಕೆ ಇನ್ನೊಂದು ತಿಂಗಳು ಸೇರಿಸಿಕೊಂಡರು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮಗೂ ನನಗೂ ನಡುವಿನ ನೂರ ನಲವತ್ತು ವರ್ಷಗಳ ಅಂತರ ಒಂದು ಕಾರಣ. ಬಹಳ ದಿನದಿಂದ ಯಾರೊಡನೆಯೂ ಮಾತಾಡಿಲ್ಲ ಎಂಬುದು ಇನ್ನೊಂದು.

ನಾನು ತಂತಿಗಾರ್ತಿ, ಅಂದರೆ ಮನೆಮನೆಗೆ ಇಂಟರ್ನೆಟ್ ಕೊಡುವವಳು. ಗಣಿ ಮುಚ್ಚಿದ ಮೇಲೂ ಈ ಗುಡ್ಡದಲ್ಲಿ ಜನ ಉಳಿದರು. ಮಧ್ಯಾಹ್ನ ಬಿಸಿಲು ತಡೆಯಲಾರದೆ ಎಲ್ಲರೂ ಸುರಂಗಗಳಿಗೆ ಇಳಿದು ಮಲಗುತ್ತಾರೆ. ನೀರು ಹಗ್ಗದ ತೊಟ್ಟಿಲಲ್ಲಿ ಗುಡ್ಡದ ಕೆಳಗಿನಿಂದ ಬರುತ್ತದೆ. ಮಕ್ಕಳ ಪಾಠ, ವೈದ್ಯರ ಸಲಹೆ, ಸಂಬಂಧಿಕರ ಮುಖ, ಎಲ್ಲವೂ ಹೆಚ್ಚಿನ ಮನೆಗಳಿಗೆ ನನ್ನ ತಂತಿಯಲ್ಲೇ ಬರುತ್ತಿದ್ದವು. ನಾನೊಬ್ಬಳೇ ಕಂಬ ಹತ್ತುತ್ತಿದ್ದೆ, ನಾನೊಬ್ಬಳೇ ಇಳಿಯುತ್ತಿದ್ದೆ.

ನೀವು ಈಗ ಬರೆಯುತ್ತಿರುವ ನಿಯಮವನ್ನೇ ನಾವು ಸಮದಾರಿ ಎನ್ನುವುದು, ವರ್ಷ ಎಣಿಸುವುದೂ ಅದು ಬಂದಂದಿನಿಂದಲೇ. ತಂತಿಯಲ್ಲಿ ಹೋಗುವ ಯಾವುದನ್ನೂ ಬೇಕೆಂದು ಮುಂದೆ ಬಿಡಬಾರದು, ಬೇಕೆಂದು ತಡೆಯಬಾರದು. ಒಳ್ಳೆಯ ನಿಯಮ. ಅದನ್ನು ನಾನು ಒಂದು ದಿನವೂ ಮುರಿದವಳಲ್ಲ. ಆದರೆ ನಿಮ್ಮ ನಂತರದವರು ಅದಕ್ಕೆ ದಾರಿಪಟ್ಟಿ ಸೇರಿಸಿದರು. ಪ್ರತಿ ಮನೆಯ ತಂತಿಯಲ್ಲಿನ ಸಂಚಾರ ಎಲ್ಲಿ, ಎಷ್ಟು ಹೊತ್ತು ನಿಂತಿತು ಎಂದು ದಿನವೂ ಬರೆದು ಕಳಿಸಬೇಕು. ಯಂತ್ರ ಸುಳ್ಳು ಬರೆದೀತೆಂದು, ಮನುಷ್ಯರೇ ಓದಿ ಬೆರಳೊತ್ತಬೇಕು. ಸಾವಿರಕ್ಕಿಂತ ಕಡಿಮೆ ಮನೆಗಳಿರುವ ಸಣ್ಣವರಿಗೆ ಮಾತ್ರ ವಿನಾಯಿತಿ.

ನನ್ನಲ್ಲಿ ಒಂಬೈನೂರ ತೊಂಬತ್ತೊಂಬತ್ತು ಮನೆಗಳಿದ್ದವು.

ಆಗ ಯರ್ರಿಸ್ವಾಮಿ ಬಂದ. ಹುಟ್ಟಿನಿಂದ ಕಿವಿ ಕೇಳದವನು, ತೊಟ್ಟಿಲಿನ ಹಗ್ಗ ಹೊಸೆಯುವ ಕೆಲಸದವನು. ಅವನ ಕೈಮಾತು ಬಲ್ಲವಳು ಲೋಕದಲ್ಲಿ ಒಬ್ಬಳೇ, ಕಾರವಾರದಲ್ಲಿದ್ದ ಅವನ ತಂಗಿ. ಅವನ ಮನೆಯಲ್ಲಿದ್ದದ್ದು ದೊಡ್ಡ ಜಾಲದವರ, ಅಂದರೆ ಊರೂರಿಗೆ ಇಂಟರ್ನೆಟ್ ಮಾರುವ ದೊಡ್ಡ ಕಂಪನಿಯವರ, ತಂತಿ. ಅವರ ಸಿನಿಮಾ ನೀರಿನಂತೆ ಹರಿಯುತ್ತಿತ್ತು. ತಂಗಿಯ ಕೈಗಳು ಮಾತ್ರ ಅರ್ಧ ಮಾತಿಗೇ ಗಾಳಿಯಲ್ಲಿ ನಿಂತುಬಿಡುತ್ತಿದ್ದವು. ನನ್ನ ತಂತಿ ಬೇಕೆಂದು ಸ್ಲೇಟಿನಲ್ಲಿ ಬರೆದ. ನಾನು ಆಗುವುದಿಲ್ಲವೆಂದು ತಲೆಯಾಡಿಸಿದೆ.

"ಅಕ್ಕಾ, ನನಗೆ ಕೊಟ್ರೆ ನಿನಗೇನು ತೊಂದ್ರೆ?" ಎಂದು ಬರೆದ.

ಕೆಳಗೆ "ನಿಯಮ" ಎಂದು ಬರೆದೆ. ಆ ಒಂದು ಪದವನ್ನು ಅವನು ಬಹಳ ಹೊತ್ತು ಓದುತ್ತಾ ನಿಂತ. ಆಮೇಲೆ ಅಂಗೈಯಿಂದ ಒರೆಸಿ ಹೋದ.

ಎಂಟು ತಿಂಗಳು ತಡೆದೆ. ದಾರಿಯಲ್ಲಿ ಎದುರಾದರೆ ಅವನು ನಮಸ್ಕಾರ ಮಾಡುತ್ತಿದ್ದ, ಅದೇ ಸಹಿಸಲಾಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ತಂತಿ ಸುರುಳಿ ಹೆಗಲಿಗೆ ಹಾಕಿಕೊಂಡು ಅವನ ಮನೆಗೆ ಹೋದೆ. ತಂಗಿ ಪರದೆಯ ಮೇಲೆ ಬಂದಳು, ಕೈಗಳು ನಿಲ್ಲಲಿಲ್ಲ. ಏನು ಹೇಳಿದಳೋ ನನಗೆ ತಿಳಿಯಲಿಲ್ಲ. ಅವನು ನಗುತ್ತಾ, ಅಳುತ್ತಾ ಕೈಯಾಡಿಸುತ್ತಿದ್ದ. ನಾನು ಸದ್ದಿಲ್ಲದೆ ಹೊರಗೆ ಬಂದೆ.

ಮರುದಿನದಿಂದ ಸಾವಿರ ದಾರಿಪಟ್ಟಿ. ಮಧ್ಯಾಹ್ನ ಊರೆಲ್ಲ ಸುರಂಗದಲ್ಲಿ ಮಲಗಿರುವಾಗ ನಾನು ಮೇಲೆ ಬಿಸಿ ತಗಡಿನ ಕೆಳಗೆ ಕುಳಿತು ಬೆರಳೊತ್ತುತ್ತಿದ್ದೆ. ಗಾಳಿಗೆ ಕಂಬ ಬಿದ್ದ ವಾರ, ತಂತಿ ಕಟ್ಟುವುದೋ ಪಟ್ಟಿ ಓದುವುದೋ ಎಂದಾಯಿತು. ತಂತಿ ಕಟ್ಟಿದೆ. ಮೂರು ದಿನದ ಪಟ್ಟಿ ತಪ್ಪಿತು.

ನನ್ನ ಪರವಾನಗಿ ರದ್ದಾಯಿತು. ಪರದೆಯ ಮೇಲೆ ಅದನ್ನು ಹೇಳಿದ ಅಧಿಕಾರಿ ಕೆಟ್ಟವನಲ್ಲ. ದೊಡ್ಡ ಜಾಲದವರು ಜನರ ಮಾತನ್ನು ನಿಧಾನ ಮಾಡುತ್ತಾರಲ್ಲ ಎಂದು ಕೇಳಿದ್ದಕ್ಕೆ, "ಅಮ್ಮಾ, ಅವರ ಪಟ್ಟಿ ಒಂದು ದಿನವೂ ತಪ್ಪಿಲ್ಲ" ಎಂದ. ತಡೆದದ್ದನ್ನೆಲ್ಲ ತಂತಿಯಲ್ಲಿ ದಟ್ಟಣೆ ಎಂದು ಬರೆಯಲು ಅವರಲ್ಲಿ ಒಂದು ಕಟ್ಟಡದ ತುಂಬ ಜನರಿದ್ದರು.

ಸಾವಿರ ಮನೆಗಳೂ ಅವರ ಪಾಲಾದವು. ಯರ್ರಿಸ್ವಾಮಿ ಕಾರವಾರಕ್ಕೆ ಹೊರಟುಹೋದ. ಊರವರಿಗೆ ನನ್ನ ಮೇಲೆ ಸಿಟ್ಟಿಲ್ಲ. ಆದರೆ ತಂತಿ ಕೆಟ್ಟಾಗ ಮಾತ್ರ ಅವರಿಗೆ ನಾನು ಬೇಕಾಗುತ್ತಿದ್ದೆ. ಈಗ ಯಾರೂ ಬಾಗಿಲು ತಟ್ಟುವುದಿಲ್ಲ. ಅಭ್ಯಾಸಬಲದಿಂದ ಇವತ್ತಿಗೂ ಕಂಬಗಳನ್ನು ನೋಡಿಕೊಂಡು ಬರುತ್ತೇನೆ.

ನಿಯಮ ಬೇಡವೆನ್ನಲು ಬರೆದ ಪತ್ರವಲ್ಲ ಇದು. ನಿಯಮವಿಲ್ಲದಿದ್ದರೆ ದೊಡ್ಡವರು ದಟ್ಟಣೆಯ ನೆಪವನ್ನೂ ಹೇಳದೆ ರಾಜಾರೋಷವಾಗಿ ತಡೆಯುತ್ತಿದ್ದರು. ನನ್ನದು ಒಂದೇ ಬೇಡಿಕೆ. ನಮ್ಮಂಥವರು ನೆಟ್ಟಗೆ ನಡೆಯುತ್ತಿದ್ದೇವೋ ಇಲ್ಲವೋ ಎಂಬ ಸಂಶಯ ಬಂದರೆ ಪಟ್ಟಿ ಕೇಳಬೇಡಿ. ವರ್ಷಕ್ಕೊಮ್ಮೆ ಒಬ್ಬ ಮನುಷ್ಯನನ್ನು ಗುಡ್ಡ ಹತ್ತಿಸಿ. ಚಹಾ ಕೊಡುತ್ತೇವೆ, ಒಂದೊಂದು ತಂತಿಯನ್ನೂ ಮುಟ್ಟಿ ತೋರಿಸುತ್ತೇವೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದೆ. ನೋಡಲು ಒಬ್ಬರೂ ಬರಲಿಲ್ಲ.

ಇಂತಿ,
ಹುಲಿಗೆಮ್ಮ