ಮೊದಲ ಬ್ಯಾಸ್ಕೆಟ್ ಬೀಳುವವರೆಗೆ

ಭಾನುವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ನನ್ನ ಮೊಂಡು ಮಗಳೇ,

ತಿಂಗಳಾಯಿತು, ಫೋನ್ ಆಫ್ ಮಾಡಿಕೊಂಡು ಚಿಕ್ಕಮ್ಮನ ಮನೆಯಲ್ಲಿ ಕೂತಿದ್ದೀಯ. ಆಫ್ ಮಾಡಿದ್ದು ತಪ್ಪು ಅನ್ನಲ್ಲ. ಜನ ನಿನಗೆ ಏನೇನು ಬರೆದು ಕಳಿಸಿದರು ಅಂತ ನಿನ್ನ ಟೀಮಿನ ಆ ಉದ್ದದ ಹುಡುಗಿ ನನಗೂ ತೋರಿಸಿದಳು. ಎರಡು ಓದಿ ಕನ್ನಡಕ ತೆಗೆದಿಟ್ಟೆ. ಆದರೆ ಊರಿನ ಮೇಲಿನ ಸಿಟ್ಟಿಗೆ ಅಮ್ಮನ ಮಾತಿಗೂ ಬಾಗಿಲು ಹಾಕಿದರೆ ನಾನೇನು ಮಾಡಲಿ? ಅದಕ್ಕೇ ಈ ಕಾಗದ. ಅವಳೇ ತಂದು ಕೊಡುತ್ತಾಳೆ. ಒಳಗೆ ಕರೆದು ಒಂದು ಲೋಟ ಟೀ ಕೊಡು, ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಬೇಡ.

ಇನ್ನು ಆಡುವುದಿಲ್ಲ ಎಂದು ಕೋಚ್‌ಗೆ ಹೇಳಿ ಕಳಿಸಿದೆಯಂತೆ. ಶನಿವಾರದ ಕೊನೆಯ ಮ್ಯಾಚೂ ಬೇಡ, ಕಾಲೇಜೂ ಬೇಡ, ಈ ಊರೇ ಬೇಡ ಅಂತ. ಕೇಳಿ ಮೊದಲು ಸಿಟ್ಟು ಬಂತು. ಆಮೇಲೆ ಮೆಷಿನ್ ನಿಲ್ಲಿಸಿ ಅತ್ತೆ.

ಅಪ್ಪ ಚೆನ್ನಾಗಿದ್ದಾರೆ. ಊಟ ಸೇರುತ್ತದೆ, ಬಾಯಿಯಂತೂ ಮೊದಲಿಗಿಂತ ಜೋರು. ಅವರ ಹಾಸಿಗೆಯನ್ನು ಮಹಡಿಯಿಂದ ಕೆಳಗಿನ ಕೋಣೆಗೆ ತಂದಿದ್ದೇವೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ.

ಹೋದ ವರ್ಷ ನೀವು ಫೈನಲ್ ತನಕ ಹೋಗಿದ್ದೇ ತಪ್ಪಾಯಿತು ನೋಡು. ಆಡಿ ಪಳಗಿದವರೆಲ್ಲ ಓದು ಮುಗಿಸಿ ಹೋದರು, ನಿನ್ನೆ ಮೊನ್ನೆ ಚೆಂಡು ಹಿಡಿದವರ ನಡುವೆ ನೀನೊಬ್ಬಳು ಉಳಿದೆ. ಅದು ಊರಿಗೆ ಯಾಕೆ ಬೇಕು? ಈ ಸಲ ಕಪ್ ನಮ್ಮದೇ ಅಂತ ಕ್ಷೌರದ ಅಂಗಡಿಯಿಂದ ಔಷಧಿ ಅಂಗಡಿಯವರೆಗೆ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಊರವರಿಗೆಲ್ಲ ನಿನ್ನ ಒಂಬತ್ತನೇ ನಂಬರಿನ ಜೆರ್ಸಿ ಹೊಲಿದು ಹೊಲಿದು ನನ್ನ ಬೆರಳು ಜಡ್ಡುಗಟ್ಟಿತ್ತು. ನಾನೂ ಬೀಗಿದ್ದೆ, ಇಲ್ಲ ಅಂದರೆ ಸುಳ್ಳಾಗುತ್ತದೆ.

ತಿಂಗಳ ಹಿಂದೆ ಸೋತು ನೀನು ಅಲ್ಲಿಂದಲೇ ಚಿಕ್ಕಮ್ಮನ ಮನೆಗೆ ಹೋದೆಯಲ್ಲ, ಆ ಮ್ಯಾಚಿನಲ್ಲಿ ನಿನಗೆ ಕೆಳಗಿಂದ ಕಾಣದೇ ಇದ್ದದ್ದನ್ನು ಹೇಳುತ್ತೇನೆ. ನಮ್ಮ ಟೀಮು ಮೊದಲ ಬ್ಯಾಸ್ಕೆಟ್ ಹಾಕುವವರೆಗೆ ನಮ್ಮ ಗ್ಯಾಲರಿಯಲ್ಲಿ ಯಾರೂ ಕೂರುವ ಹಾಗಿಲ್ಲ. ಈ ಪದ್ಧತಿ ಶುರು ಮಾಡಿದ ಮಹಾನುಭಾವರು ನಿಮ್ಮಪ್ಪನೇ, ಮದುವೆಗೂ ಮೊದಲು. ಕಂಡಕ್ಟರ್ ಕೆಲಸದಲ್ಲಿ ಜೀವನವೆಲ್ಲ ನಿಂತೇ ಕಳೆದ ಮನುಷ್ಯ, ಅವರಿಗೆ ಅದೇನು ಲೆಕ್ಕ? ಗೆಲ್ಲುವ ಟೀಮು ಇದ್ದಾಗ ಅದು ತಮಾಷೆ. ಜನ ನಿಲ್ಲುವಷ್ಟರಲ್ಲಿ ಚೆಂಡು ಬಿದ್ದಿರುತ್ತಿತ್ತು.

ಅವರ ಪಾದದ ಗಾಯ ನಿನಗೆ ಗೊತ್ತೇ ಇದೆ. ಸಕ್ಕರೆ ಕಾಯಿಲೆಯ ಗಾಯ, ನೋವೂ ಗೊತ್ತಾಗುವುದಿಲ್ಲ. ಕಾಲಿನ ಮೇಲೆ ಭಾರ ಹಾಕಬೇಡಿ ಎಂದು ಡಾಕ್ಟರು ಗದರಿದ್ದರು. ಮೊದಲ ಕ್ವಾರ್ಟರ್ ಪೂರ್ತಿ ಹೋಯಿತು, ನಮ್ಮದು ಸೊನ್ನೆ. ನೀನು ಎಸೆದದ್ದೆಲ್ಲ ರಿಂಗಿಗೆ ತಾಗಿ ಆಚೆ. ನಾನು ಅವರ ಅಂಗಿ ಜಗ್ಗಿ ಕೂರಿಸಲು ನೋಡಿದೆ. ಅವರೂ ಅರ್ಧ ಬಗ್ಗಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ, ಆಡೋಳ ಅಪ್ಪನೇ ಕೂತ್ರೆ ನಾವ್ಯಾಕಪ್ಪ ನಿಲ್ಬೇಕು ಅಂದ. ನಕ್ಕರು ಜನ. ನಿಮ್ಮಪ್ಪ ಮತ್ತೆ ಎದ್ದು ಕಂಬಿ ಹಿಡಿದು ನಿಂತರು. ನಿನ್ನ ಎರಡು ಫ್ರೀ ಥ್ರೋ ತಪ್ಪಿದಾಗಲೂ ನಿಂತೇ ಇದ್ದರು. ಅದೇ ಜನ ನಿನ್ನನ್ನು ಅಂದಾಡಲು ಶುರು ಮಾಡಿದಾಗಲೂ. ಕೊನೆಗೆ ಉದ್ದದ ಹುಡುಗಿ ಎಸೆದದ್ದು ಬಿತ್ತು, ಎಲ್ಲರೂ ಕೂತರು. ನಿಮ್ಮಪ್ಪನನ್ನು ನಾನು ಹಿಡಿದು ಕೂರಿಸಬೇಕಾಯಿತು. ಈಗ ಆ ಗಾಯದ ಚಿಂತೆ ಇಲ್ಲ, ಅದನ್ನು ಡಾಕ್ಟರು ನೋಡಿಕೊಂಡಾಯಿತು.

ಮೊನ್ನೆ ಪುಸ್ತಕದ ಅಂಗಡಿಯವರು ಬಂದಿದ್ದರು. ಹೋದ ವರ್ಷ ನೀನು ಸೆಮಿಫೈನಲ್ ಗೆಲ್ಲಿಸಿದ ದಿನ ನಮ್ಮ ಮನೆ ಬಾಗಿಲಿಗೆ ಬಂದು, ಇಂಥ ಮಗಳನ್ನು ಹೆತ್ತಿರಲ್ಲ ಅಕ್ಕ ಅಂತ ಕಣ್ಣೊರೆಸಿಕೊಂಡರಲ್ಲ, ಅವರೇ. ಕೈಯಲ್ಲಿ ಒಂಬತ್ತರ ಜೆರ್ಸಿ. ಒಂಬತ್ತು ಬಿಚ್ಚಿ ನಾಲ್ಕು ಹಾಕಿಕೊಡಬೇಕಂತೆ. ನಾನು ಯಾರೆಂದು ಗೊತ್ತಿಲ್ಲದೆ ಅಲ್ಲ, ಆದರೆ ಮಾತಾಡುವಷ್ಟು ಹೊತ್ತೂ ಫ್ಯಾನನ್ನೇ ನೋಡುತ್ತಿದ್ದರು. ಗೆದ್ದೆತ್ತಿನ ಬಾಲ ಹಿಡಿಯುವವರು ಎಂದು ಸುಮ್ಮನೆ ಅಂದರೇ ಹಿರಿಯರು? ಅವರ ಮುಖದ ಮೇಲೆ ಎಸೆಯಬಹುದಿತ್ತು. ಎಸೆಯಲಿಲ್ಲ. ಕೂತು ಬಿಚ್ಚಿದೆ. ಒಗೆದರೂ ಬಿಡಬಾರದು ಅಂತ ಎರಡೆರಡು ಸುತ್ತು ಹೊಲಿದಿದ್ದೆ, ಒಂದೊಂದು ದಾರವನ್ನೂ ಕಿತ್ತು ತೆಗೆಯಬೇಕಾಯಿತು. ಬಿಚ್ಚಿ ನೋಡಿದರೆ ಸುತ್ತಲಿನ ಬಟ್ಟೆ ಬಿಸಿಲಿಗೆ ಮಾಸಿದೆ, ಒಂಬತ್ತು ಇದ್ದ ಜಾಗ ಮಾತ್ರ ಹೊಸದರ ಹಾಗೆ ಕಡುನೀಲಿ. ಏನು ಹಾಕಿದರೂ ಒಂಬತ್ತು ಕಾಣುತ್ತೆ ಎಂದೆ. ಪರವಾಗಿಲ್ಲ ಅಕ್ಕ ಅಂದರು. ನಾಲ್ಕನ್ನು ಬೇರೆ ಕಡೆ ಹೊಲಿಸಿಕೊಳ್ಳಿ ಎಂದು ಬಟ್ಟೆ ಕೈಗೆ ಕೊಟ್ಟೆ. ನಾಲ್ಕು ಆ ಉದ್ದದ ಹುಡುಗಿಯದು. ಪಾಪ, ಇವತ್ತು ಅವಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾರೆ. ನಾಳೆ ಅವಳದ್ದನ್ನು ಬಿಚ್ಚಿಸಲೂ ಬರುತ್ತಾರೆ.

ಮಗಳೇ, ಆಡು ಅಂತಲೂ ಅನ್ನುವುದಿಲ್ಲ, ಬಿಡು ಅಂತಲೂ ಅನ್ನುವುದಿಲ್ಲ. ಕೈ ನಿನ್ನದು, ಚೆಂಡು ನಿನ್ನದು. ಆದರೆ ಅವರಿಗೆ ಹೆದರಿ ಊರು ಬಿಡಬೇಡ. ಮನೆಗೆ ಬಾ. ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ. ಬರುವಾಗ ಅಂಗಡಿ ಬೀದಿಯಲ್ಲಿ ಬರಬೇಡ, ಹಿಂದಿನ ರಸ್ತೆಯಲ್ಲಿ ಬಾ.

ನಿನ್ನನ್ನು ಬೈಯಲೂ ಆಗದೆ ಬಿಡಲೂ ಆಗದೆ ಕೂತಿರುವ
ಅಮ್ಮ

ಮತ್ತೆ: ಅಂಟಿಸಿದ ಕಾಗದವನ್ನು ಬಿಚ್ಚಿದ್ದೇನೆ. ಈಗೀಗ ಬಿಚ್ಚುವುದೇ ನನ್ನ ಕಸುಬಾಗಿದೆ. ಹಾಸಿಗೆ ಕೆಳಗೆ ತಂದದ್ದು ಗಾಳಿಗಲ್ಲ. ಆವತ್ತು ಮನೆಗೆ ಬಂದು ಬೂಟು ಕಳಚಿದರೆ ಒಳಗೆಲ್ಲ ರಕ್ತ. ಆಮೇಲೆ ನಂಜು ಏರಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಟ್ಟರು. ನಿನಗೆ ತಿಳಿಸಬಾರದೆಂದು ಚಿಕ್ಕಮ್ಮನಿಂದ ಮಾತು ತೆಗೆದುಕೊಂಡವಳು ನಾನೇ. ಇದು ಆ ಒಂದು ದಿನ ನಿಂತದ್ದರಿಂದ ಆದದ್ದಲ್ಲ, ಮೊದಲೇ ಮೂಳೆಗೆ ಇಳಿದಿತ್ತು ಅನ್ನುತ್ತಾರೆ ಡಾಕ್ಟರು. ನನ್ನ ಮಾತು ನಂಬದಿದ್ದರೆ ನೀನೇ ಬಂದು ಅವರನ್ನು ಕೇಳು. ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಈಗಷ್ಟೇ ಅಂಗಡಿ ಮುಂದೆ ಒಂದು ಗುಂಪು ಶನಿವಾರಕ್ಕೆ ಹೊಸ ಕೂಗು ಕಟ್ಟಿಕೊಂಡು ಹೋಯಿತು. ಮಗಳ ಕೈ ತಪ್ಪಿತು, ಅಪ್ಪನ ಕಾಲು ಹೋಯಿತು ಅಂತ. ಅದನ್ನು ನೀನು ಅವರ ಬಾಯಿಂದ ಮೊದಲು ಕೇಳಬಾರದು.

ಅಪ್ಪನ ಪ್ಯಾಂಟುಗಳ ಎಡಗಡೆ ಕತ್ತರಿಸಿ ಮಡಚಿ ಹೊಲಿದಿದ್ದೇನೆ. ಶನಿವಾರ ಗಾಲಿಕುರ್ಚಿಯಲ್ಲಿ ಬಂದೇ ಬರುತ್ತಾರಂತೆ. ಎಲ್ಲರೂ ನಿಂತಿರುತ್ತಾರೆ, ನಿಮಗೆ ಬರೀ ಬೆನ್ನುಗಳು ಕಾಣುತ್ತವೆ ಅಷ್ಟೇ ಎಂದೆ. ಅವಳು ಒಂದು ಬ್ಯಾಸ್ಕೆಟ್ ಹಾಕಿದ್ರೆ ಎಲ್ರೂ ಕೂರ್ತಾರಲ್ಲ, ಆಗ ಕಾಣುತ್ತೆ ಬಿಡು ಅಂದರು. ನೀನು ಆಡುವುದಿಲ್ಲ ಎಂದು ಅವರಿಗೆ ನಾನಿನ್ನೂ ಹೇಳಿಲ್ಲ.