ಫೋನಿನ ಪಕ್ಕದ ಕುರ್ಚಿ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಚುನಾವಣೆ ಸೋತವರಿಗೆ ಹಸಿವಾಗುವುದಿಲ್ಲವಂತೆ, ಆ ನಾಟಕವೆಲ್ಲ ಬೇಡ, ಹೊತ್ತಿಗೆ ಸರಿಯಾಗಿ ತಿನ್ನು. ಅಮ್ಮನ ಕಣ್ಣು ಮೊದಲಿಗಿಂತ ಮಂಜು. ನನ್ನ ಮಂಡಿನೋವು ನನ್ನ ಜೊತೆಗೇ ಇದೆ. ನಾನು ಫೋನು ಮಾಡಿದರೆ ನಿನ್ನ ಪಕ್ಷದ ಹುಡುಗರೇ ಎತ್ತುತ್ತಾರೆ, ಅದಕ್ಕೇ ಈ ಕಾಗದ.

ಅಷ್ಟು ಖರ್ಚು, ಅಷ್ಟು ಬುದ್ಧಿವಂತರು, ಆದರೂ ಜನ ಯಾಕೆ ಕದಲಲಿಲ್ಲ ಎಂದು ಬರೆದಿದ್ದೀಯ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಕೇಳಿದ್ದೀಯ, ಹೇಳುತ್ತೇನೆ, ಕೋಪ ಬಂದರೆ ಬರಲಿ. ಆ ಹುಡುಗರು ನಿನ್ನ ದನಿಯನ್ನು ಒಂದು ಸಲ ಯಂತ್ರದಲ್ಲಿ ಹಿಡಿದಿಟ್ಟು ಮನೆಮನೆಯ ಫೋನಿಗೆ ಬಿಟ್ಟರು. “ನಿಮ್ಮ ಮನೆ ಮಗ ಮಾತಾಡ್ತಿದ್ದೀನಿ.” ಮೊದಲ ದಿನ ಬೀದಿಗೆ ಖುಷಿಯೇ ಆಯಿತು. ಕ್ಷೌರದಂಗಡಿಯವನು ಚರಂಡಿ ಉಕ್ಕುವುದನ್ನು ನಿನಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ನೀನು ದೇಶದ ಭವಿಷ್ಯ ಹೇಳಿ ಫೋನು ಇಟ್ಟುಬಿಟ್ಟೆ. ಆಮೇಲೆ ಅವನು ನನ್ನ ಹೊಲಿಗೆಯಂಗಡಿಗೆ ಬಂದು ಕೇಳಿದ: “ಅಕ್ಕಾ, ನಿಮ್ಮ ತಮ್ಮ ಕಿವಿ ಎಲ್ಲಿ ಬಿಟ್ಟು ಬಂದ?” ಊಟಕ್ಕೆ ಕೂತಾಗ, ಮಗು ಮಲಗಿಸುವಾಗ, ಮತ್ತದೇ ಮನೆ ಮಗ. ಬೀದಿಯವರು ನಿನಗೆ ಗಿಣಿ ಎಂದು ಹೆಸರಿಟ್ಟರು. ಕೊನೆಗೆ ನೀನು ಬಂದದ್ದು ಗಾಜು ಏರಿಸಿದ ಗಾಡಿಯಲ್ಲಿ. ನಿಲ್ಲಿಸಿದರೆ ಜನ ಏನಾದರೂ ಕೇಳುತ್ತಾರೆ, ವೇಳೆ ಹಾಳು ಎಂದಿದ್ದರಂತೆ ಆ ಹುಡುಗರು. ಚಡ್ಡಿ ಇಲ್ಲದೆ ಓಡಾಡಿದ ಬೀದಿಯಲ್ಲವೇನೋ ಅದು? ಜನಕ್ಕೆ ನಿನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಬೈಯುವುದಕ್ಕಾದರೂ ಬರುತ್ತಿದ್ದರು. ಬೇಸರ ಬಂದಿತ್ತು, ಅಷ್ಟೇ.

ಇನ್ನು ಮನೆಯ ವಿಷಯ. ನಮ್ಮ ಮನೆಯ ಮೊದಲ ಫೋನು ಎತ್ತಿದ್ದು ಅಮ್ಮ. “ಊಟ ಆಯ್ತಾ ಮಗಾ? ಯಾಕೋ ದನಿ ಒಂಥರಾ ಇದೆ?” ಎಂದಳು. ನೀನು ರಸ್ತೆ, ಕೈಗಾರಿಕೆ ಎಂದೆ. ಅದು ಯಂತ್ರ ಎಂದು ನಾನು ಅವಳಿಗೆ ತಿಳಿಸಿ ಹೇಳಿದೆ. “ನನ್ನ ಮಗನ ದನಿ ನಂಗೊತ್ತಿಲ್ವಾ? ಪಾಪ, ಏನೋ ಅವಸರ ಅವನಿಗೆ” ಎಂದವಳು ಅಂದಿನಿಂದ ಫೋನಿನ ಪಕ್ಕದ ಕುರ್ಚಿ ಬಿಟ್ಟಿಲ್ಲ. ಚುನಾವಣೆ ಮುಗಿದು ಆ ಫೋನು ಬರುವುದೂ ನಿಂತಿತು, ಅವಳು ಕಾಯುವುದು ನಿಲ್ಲಲಿಲ್ಲ. ನಾನು ಚಪ್ಪಲಿ ಮೆಟ್ಟಿದರೆ ಸಾಕು, “ನಂಗೆ ಜೊಂಪು ಹತ್ತಿದಾಗ ಫೋನು ಬಂದ್ರೆ ಯಾರೇ ಎತ್ತೋರು?” ಎಂದು ಸೆರಗು ಹಿಡಿಯುತ್ತಾಳೆ. ಅಂಗಡಿ ಮುಚ್ಚಿ ಹೊಲಿಗೆ ಯಂತ್ರವನ್ನು ಈ ಕೋಣೆಗೇ ತಂದೆ. ತುಳಿದರೆ ಫೋನಿನ ಸದ್ದು ಕೇಳುವುದಿಲ್ಲ ಎಂದು ಅದನ್ನೂ ನಿಲ್ಲಿಸುತ್ತಾಳೆ. ಗಿರಾಕಿಗಳು ಕಿಟಕಿಯಲ್ಲಿ ಇಣುಕಿ ವಾಪಸು ಹೋಗುತ್ತಾರೆ. ಅವಳನ್ನು ಆ ಕುರ್ಚಿಗೆ ಕಟ್ಟಿದ್ದೀಯ, ನನ್ನನ್ನು ಅವಳಿಗೆ. ನಿನ್ನ ಕಾಗದದಲ್ಲಿ ಅಮ್ಮನ ಮಾತೇ ಇಲ್ಲ. ನಿನ್ನ ಪರವಾಗಿ ನಾನೇ ಎರಡು ಸಾಲು ಸೇರಿಸಿ ಅವಳಿಗೆ ಓದಿ ಹೇಳಿದೆ.

ಅಮ್ಮನ ಆಶೀರ್ವಾದ ನಿನಗೆ ಇದ್ದೇ ಇದೆ. ನನ್ನದು ಏನಿದ್ದರೂ ನಿನ್ನ ನಡತೆ ನೋಡಿಕೊಂಡು.

ನಿನ್ನ ಅಕ್ಕ

ಮರೆತಿದ್ದೆ: ಮತದಾನದ ದಿನ ಪಕ್ಕದ ಮನೆಯವರು ಬಾಗಿಲಿಗೇ ಗಾಡಿ ತಂದರು. “ನಾವು ಹೋದಾಗಲೇ ಅವನು ಫೋನು ಮಾಡಿದ್ರೆ?” ಎಂದು ಅಮ್ಮ ಏಳಲಿಲ್ಲ. ಅವಳೊಬ್ಬಳನ್ನೇ ಬಿಟ್ಟು ನಾನೂ ಹೋಗಲಿಲ್ಲ. ನಿನ್ನ ಮನೆಯ ಎರಡು ಓಟೂ ನಿನಗೆ ಬೀಳಲಿಲ್ಲ. ಅದು ಹಾಳಾಗಲಿ. ಫೋನು ಮಾಡು. ಊಟ ಆಯ್ತಾ ಎಂದು ಕೇಳುತ್ತಾಳೆ. ಆಯ್ತೋ ಇಲ್ಲವೋ, ಅಷ್ಟು ಹೇಳು.